ಡಾ. ಎಂ. ಸಿ. ಮೋದಿ: ಪೊರೆ ಆಪರೇಷನ್ ಬದಲಾದ ಬಗೆ, ಕಾರ್ನಿಯಾ ಉಳಿಯುವ ಬಗೆ

ಕಣ್ಣಿನ ಪೊರೆಯ ಆಪರೇಷನ್ ಎಂದರೆ ಕರ್ನಾಟಕದ ಅನೇಕ ಹಿರಿಯರಿಗೆ ಮೊದಲು ನೆನಪಾಗುವ ಹೆಸರು ಡಾ. ಎಂ. ಸಿ. ಮೋದಿ. ಆಗಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿಯಲ್ಲಿ ಹುಟ್ಟಿದ ಮುರುಗಪ್ಪ ಚನ್ನವೀರಪ್ಪ ಮೋದಿ, 1943ರಿಂದ ಊರೂರಿಗೆ ಹೋಗಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿದರು. 1993ರ ಫೆಬ್ರುವರಿವರೆಗೆ ಅವರು 46,120 ಹಳ್ಳಿಗಳಿಗೆ ಹೋಗಿ, 1,21,18,630 ರೋಗಿಗಳನ್ನು ನೋಡಿ, 6,10,564 ಆಪರೇಷನ್ ಮಾಡಿದ್ದರೆಂದು ಗಿನ್ನೆಸ್ ದಾಖಲೆ ಪುಸ್ತಕ ಬರೆದುಕೊಂಡಿದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು.

ಅವರ ಬದುಕನ್ನು ಇಲ್ಲಿ ಹೇಳಲು ಒಂದು ಕಾರಣವಿದೆ. ಚೆನ್ನೈನ ಕೋಯಂಬೇಡು ಸಗಟು ಮಾರುಕಟ್ಟೆಗೆ ಕರ್ನಾಟಕದಿಂದ ಟೊಮೆಟೊ, ತರಕಾರಿ ಬರುತ್ತದೆ. ಅದರ ಜೊತೆಗೆ ಕನ್ನಡ ಮಾತಾಡುವ ಚಾಲಕರು, ವ್ಯಾಪಾರಿಗಳು, ಅವರ ಮನೆಯವರೂ ಬರುತ್ತಾರೆ. ಆಸ್ಪತ್ರೆಯ ಚೀಟಿಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ನನ್ನಂಥ ಫಾರ್ಮಸಿಸ್ಟರಿಗೆ ಅವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಂತ್ರದ ಆಪರೇಷನ್ ಒಳ್ಳೆಯದೋ, ಕೈಯಿಂದ ಮಾಡುವುದು ಒಳ್ಳೆಯದೋ? ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಯಾವುದರಿಂದ ಹಾನಿ ಕಡಿಮೆ? ಮೋದಿಯವರ ಆಯುಷ್ಯದಲ್ಲೇ ಪೊರೆಯ ಆಪರೇಷನ್ ಮೂರು ನಾಲ್ಕು ಬಾರಿ ರೂಪ ಬದಲಿಸಿತು. ಆ ಬದಲಾವಣೆಯನ್ನು ಹಿಂಬಾಲಿಸಿದರೆ ಉತ್ತರ ಸುಲಭವಾಗುತ್ತದೆ.

ಮರಳಿ ಹುಟ್ಟದ ಕೋಶಗಳು

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರ ಒಳಮೈಯಲ್ಲಿ ಒಂದೇ ಸಾಲಿನ ಕೋಶಗಳ ಹಾಸು ಇದೆ. ಇದಕ್ಕೆ ಎಂಡೋಥೀಲಿಯಂ ಎಂದು ಹೆಸರು. ಕಾರ್ನಿಯಾದೊಳಗೆ ಸೇರುವ ನೀರನ್ನು ಹಗಲಿರುಳೂ ಹೊರಹಾಕಿ ಅದನ್ನು ತಿಳಿಯಾಗಿ ಇಡುವುದು ಈ ಕೋಶಗಳ ಕೆಲಸ. ಚರ್ಮದಂತೆ ಇವು ಮತ್ತೆ ಬೆಳೆಯುವುದಿಲ್ಲ. ಒಂದು ಕೋಶ ಸತ್ತರೆ ಪಕ್ಕದ ಕೋಶಗಳು ಹಿಗ್ಗಿ ಆ ಜಾಗ ತುಂಬುತ್ತವೆ, ಅಷ್ಟೆ.

ಪ್ರಾಯದಲ್ಲಿ ಚದರ ಮಿಲಿಮೀಟರಿಗೆ ಸುಮಾರು 3,000 ಇರುವ ಕೋಶಗಳು ವಯಸ್ಸಾದಂತೆ ನಿಧಾನವಾಗಿ ಇಳಿದು 2,000-2,500ರ ಆಸುಪಾಸಿಗೆ ಬರುತ್ತವೆ. ಇಷ್ಟಿದ್ದರೆ ತೊಂದರೆಯಿಲ್ಲ. 500-800ಕ್ಕಿಂತ ಕೆಳಗಿಳಿದರೆ ಮಾತ್ರ ಕಾರ್ನಿಯಾ ನೀರು ತುಂಬಿ ಊದಿಕೊಂಡು ಮಬ್ಬಾಗುವ ಅಪಾಯವಿದೆ. ಪೊರೆಯ ಯಾವ ಆಪರೇಷನ್ ಮಾಡಿದರೂ ಸ್ವಲ್ಪ ಕೋಶಗಳು ನಷ್ಟವಾಗುತ್ತವೆ. ಎಷ್ಟು ನಷ್ಟವಾಗುತ್ತದೆ, ನಷ್ಟವಾದ ಮೇಲೆ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ.

ಶಿಬಿರಗಳ ಕಾಲ

ಮೋದಿಯವರು ಕೆಲಸ ಆರಂಭಿಸಿದಾಗ ಹಳ್ಳಿಗಳಲ್ಲಿ ಕಣ್ಣಿನ ವೈದ್ಯರೇ ಇರಲಿಲ್ಲ. ಪೊರೆ ಬಂದ ರೈತ ಎರಡೂ ಕಣ್ಣು ಕಾಣದಾದ ಮೇಲೆ ಮನೆಯ ಮೂಲೆ ಸೇರುತ್ತಿದ್ದ. ಗಾಂಧೀಜಿಯವರ ಪ್ರಭಾವಕ್ಕೆ ಒಳಗಾಗಿದ್ದ ಮೋದಿ, ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ ತಾವೇ ರೋಗಿಯ ಬಳಿಗೆ ಹೋದರು.

ಆ ಕಾಲದ ಶಿಬಿರಗಳಲ್ಲಿ ಬಳಕೆಯಲ್ಲಿದ್ದುದು, ಪೊರೆಗಟ್ಟಿದ ಮಸೂರವನ್ನು ಅದರ ಚೀಲದ ಸಮೇತ ಇಡಿಯಾಗಿ ಹೊರತೆಗೆಯುವ ವಿಧಾನ. ಇದಕ್ಕೆ ಕಾರ್ನಿಯಾದ ಅಂಚನ್ನು ಹೆಚ್ಚುಕಡಿಮೆ ಅರ್ಧ ಸುತ್ತು ತೆರೆಯಬೇಕಿತ್ತು. ಇಡೀ ಮಸೂರ ಹೊರಜಾರುವಾಗ ಎಂಡೋಥೀಲಿಯಂಗೆ ತಾಗುವ ಸಾಧ್ಯತೆ ಇತ್ತು. ಚೀಲವೂ ಹೋಗುವುದರಿಂದ ಒಳಗಿನ ಲೋಳೆಯಂಥ ದ್ರವ ಕೆಲವರಲ್ಲಿ ಮುಂದೆ ಬಂದು ಕಾರ್ನಿಯಾಕ್ಕೆ ತಾಗಿ, ಮುಂದಿನ ದಿನಗಳಲ್ಲೂ ಹಾನಿ ಮಾಡುತ್ತಿತ್ತು. ದೊಡ್ಡ ಗಾಯ ಕೂಡುವವರೆಗೆ ರೋಗಿ ಅಲುಗಾಡದೆ ಮಲಗಬೇಕು. ಆಮೇಲೆ ಜೀವನವಿಡೀ ದಪ್ಪ ಗಾಜಿನ ಕನ್ನಡಕ; ಅದು ಒಡೆದರೆ ನೋಟವೂ ಮಬ್ಬು.

ಇಷ್ಟು ಕುಂದುಗಳಿದ್ದರೂ ಆ ಆಪರೇಷನ್ ಲಕ್ಷಾಂತರ ಜನರನ್ನು ಕತ್ತಲೆಯಿಂದ ಹೊರತಂದಿತು. 1968ರಲ್ಲಿ ತಿರುಪತಿಯಲ್ಲಿ ಮೋದಿಯವರು ಒಂದೇ ದಿನ 833 ಪೊರೆಯ ಆಪರೇಷನ್ ಮಾಡಿದರು. ದಿನದ 24 ಗಂಟೆಯನ್ನೂ ಹಂಚಿದರೆ ಒಂದು ಕಣ್ಣಿಗೆ ಎರಡು ನಿಮಿಷವೂ ಸಿಗದು. ಸಾಲಾಗಿ ಮಲಗಿಸಿದ ರೋಗಿಗಳು, ಮುಂದಿನವರನ್ನು ಸಿದ್ಧ ಮಾಡುವ ಸಹಾಯಕರು, ಪಳಗಿದ ಕೈ ಇವಿಲ್ಲದೆ ಅದು ಆಗುವ ಮಾತಲ್ಲ. ಒಂದು ಕಣ್ಣನ್ನು ಆದಷ್ಟು ಚೆನ್ನಾಗಿ ಉಳಿಸುವುದಕ್ಕಿಂತ, ಕಾಯುತ್ತಿದ್ದ ಸಾವಿರಾರು ಕಣ್ಣುಗಳಿಗೆ ನೋಟ ಕೊಡುವುದು ಆಗಿನ ತುರ್ತಾಗಿತ್ತು.

ಗಾಯ ಚಿಕ್ಕದಾಯಿತು

ಅದೇ ಹೊತ್ತಿಗೆ ಬೇರೆಡೆ ದಾರಿ ಬದಲಾಗುತ್ತಿತ್ತು. 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಕೃತಕ ಮಸೂರ ಇಟ್ಟಿದ್ದರು. 1967ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್, ಶಬ್ದಾತೀತ ಕಂಪನದಿಂದ ಪೊರೆಯನ್ನು ಪುಡಿಮಾಡಿ ಹೀರಿಕೊಳ್ಳುವ ಫೇಕೋ ವಿಧಾನವನ್ನು ಪ್ರಕಟಿಸಿದರು. ಮೊದಮೊದಲು ಈ ಎರಡರಿಂದಲೂ ಕಾರ್ನಿಯಾ ಕೆಟ್ಟ ಪ್ರಸಂಗಗಳಿದ್ದವು. ಕಣ್ಣಿನ ಮುಂಭಾಗದಲ್ಲಿ ಕೂರಿಸಿದ ಕೆಲವು ಹಳೆಯ ಮಸೂರಗಳು ಎಂಡೋಥೀಲಿಯಂ ಅನ್ನು ಸವೆಸಿದವು. ಕಂಪನದ ಶಾಖ ಮತ್ತು ಸಿಡಿಯುವ ಚೂರುಗಳು ಕೋಶಗಳನ್ನು ಕೊಂದವು.

1980ರ ಸುಮಾರಿಗೆ ಬಳಕೆಗೆ ಬಂದ ದಪ್ಪ ಪಾರದರ್ಶಕ ಜೆಲ್ ಇದಕ್ಕೆ ದೊಡ್ಡ ಪರಿಹಾರವಾಯಿತು. ಆಪರೇಷನ್ ವೇಳೆ ಇದನ್ನು ಕಣ್ಣೊಳಗೆ ತುಂಬಿದರೆ ಕಾರ್ನಿಯಾ ಮತ್ತು ಉಪಕರಣದ ನಡುವೆ ಮೆತ್ತೆಯಂತೆ ನಿಲ್ಲುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅಗ್ಗದ ಜೆಲ್ ಹೈಪ್ರೊಮೆಲ್ಲೋಸ್‌ನಿಂದ ಆದದ್ದು. ಕಣ್ಣು ಒಣಗಿದಾಗ ಹಾಕುವ ಹಲವು ಹನಿ ಔಷಧಿಗಳಲ್ಲಿ ಇರುವುದೂ ಅದೇ ಪದಾರ್ಥ. 1992ರಲ್ಲಿ ಮದುರೈನ ಅರವಿಂದ ಕಣ್ಣಾಸ್ಪತ್ರೆಯ ಸಂಸ್ಥೆಯಾದ ಅರೋಲ್ಯಾಬ್ ಕಡಿಮೆ ಬೆಲೆಯ ಮಸೂರಗಳನ್ನು ತಯಾರಿಸತೊಡಗಿತು. ದಪ್ಪ ಕನ್ನಡಕದ ಕಾಲ ಮುಗಿಯುತ್ತಾ ಬಂತು. ಶಿಬಿರಗಳೂ ಬದಲಾದವು. ಈಗ ಊರಿನಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ. ಮೋದಿಯವರ ಹೆಸರಿನ ಆಸ್ಪತ್ರೆಯೂ ಬೆಂಗಳೂರಿನಲ್ಲಿ ತಲೆಯೆತ್ತಿತು.

ಇಂದಿನ ಎರಡು ದಾರಿ

ಈಗ ನಿಮ್ಮ ಮುಂದೆ ಬರುವ ಆಯ್ಕೆ ಸಾಮಾನ್ಯವಾಗಿ ಎರಡು.

ಫೇಕೋ: 2-3 ಮಿಲಿಮೀಟರ್ ಗಾಯ. ಪೊರೆಯನ್ನು ಕಣ್ಣೊಳಗೇ ಒಡೆದು ಹೀರುತ್ತಾರೆ. ನೋಟ ಬೇಗ ಸ್ಥಿರವಾಗುತ್ತದೆ, ಕನ್ನಡಕದ ಸಿಲಿಂಡರ್ ಪವರ್ ಕಡಿಮೆ ಬರುತ್ತದೆ. ಪೊರೆ ಗಟ್ಟಿಯಾಗಿದ್ದಷ್ಟೂ ಹೆಚ್ಚು ಕಂಪನ ಬೇಕಾಗಿ ಕೋಶ ನಷ್ಟ ಹೆಚ್ಚಬಹುದು.

ಎಸ್‌ಐಸಿಎಸ್: ಕಣ್ಣಿನ ಬಿಳಿಭಾಗದಲ್ಲಿ 6-7 ಮಿಲಿಮೀಟರಿನ ಸುರಂಗದಂಥ ಗಾಯ ಮಾಡಿ, ಪೊರೆಯ ಗಡ್ಡೆಯನ್ನು ಕೈಯಿಂದಲೇ ಹೊರತರುತ್ತಾರೆ. ಸಾಮಾನ್ಯವಾಗಿ ಹೊಲಿಗೆ ಬೇಡ, ಕಂಪನವೂ ಇಲ್ಲ. ಗಡ್ಡೆ ಹೊರಬರುವಾಗ ಕಾರ್ನಿಯಾದ ಒಳಮೈಗೆ ಉಜ್ಜದಂತೆ ನೋಡಿಕೊಳ್ಳಬೇಕು.

2005ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನ, ಹೊಲಿಗೆ ಹಾಕುವ ಹಳೆಯ ವಿಧಾನ, ಎಸ್‌ಐಸಿಎಸ್, ಫೇಕೋ ಮೂರನ್ನೂ ಹೋಲಿಸಿತು. ಸರಾಸರಿ ಕೋಶ ನಷ್ಟ ಮೂರರಲ್ಲೂ ಶೇ. 4ರಿಂದ 5.5ರೊಳಗೇ ಇತ್ತು, ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡಿದ್ದು ಸಿಲಿಂಡರ್ ಪವರ್‌ನಲ್ಲಿ, ಅದು ಫೇಕೋದಲ್ಲಿ ಎಲ್ಲಕ್ಕಿಂತ ಕಡಿಮೆ. ಅಂದರೆ ಸರಿಯಾದ ಕೈಯಲ್ಲಿ, ಸಾಮಾನ್ಯ ಕಣ್ಣಿನಲ್ಲಿ, ಕಾರ್ನಿಯಾದ ಮಟ್ಟಿಗೆ ಎರಡೂ ಸುರಕ್ಷಿತ. ದುಬಾರಿ ಆಪರೇಷನ್ ಮಾಡಿಸಲಾಗಲಿಲ್ಲ, ಅಪ್ಪನ ಕಣ್ಣಿಗೆ ಅನ್ಯಾಯವಾಯಿತು ಎಂದು ಕೊರಗಬೇಕಾಗಿಲ್ಲ. ತೀರ ಗಟ್ಟಿಯಾದ ಕಂದು ಪೊರೆಗೆ ವೈದ್ಯರೇ ಎಸ್‌ಐಸಿಎಸ್ ಆರಿಸುವುದುಂಟು.

ಅದೇ 2005ರ ನವೆಂಬರ್ 11ರಂದು ಮೋದಿಯವರು ತೀರಿಕೊಂಡರು. ಅವರ ಶಿಬಿರಗಳಿಗೆ ಬಂದವರಿಗೆ ಪೊರೆ ಬಲಿಯುವವರೆಗೆ ಕಾಯುವುದು ಅನಿವಾರ್ಯವಾಗಿತ್ತು. ಇಂದು ಹಾಗಿಲ್ಲ. ಪೊರೆ ಬಲಿಯಲಿ ಎಂದು ಕಾದಷ್ಟೂ ಅದು ಗಟ್ಟಿಯಾಗಿ ಕಾರ್ನಿಯಾಕ್ಕೆ ಅಪಾಯ ಹೆಚ್ಚುತ್ತದೆ. ದಿನದ ಕೆಲಸಕ್ಕೆ ನೋಟ ಅಡ್ಡಿಯಾದಾಗಲೇ ವೈದ್ಯರನ್ನು ಕಾಣಿ.

ಆಪರೇಷನ್ನಿಗೆ ಮೊದಲು ಹೇಳಬೇಕಾದದ್ದು

• ಬೆಳಿಗ್ಗೆ ಎದ್ದಾಗ ನೋಟ ಹೆಚ್ಚು ಮಬ್ಬಾಗಿದ್ದು, ಹೊತ್ತೇರಿದಂತೆ ತಿಳಿಯಾಗುತ್ತದೆಯೇ? ಇದು ಎಂಡೋಥೀಲಿಯಂ ದುರ್ಬಲವಾಗಿರುವ ಲಕ್ಷಣವಿರಬಹುದು. ಹೆಚ್ಚಾಗಿ ಫುಕ್ಸ್ ಎಂಬ ಕಾಯಿಲೆಯಲ್ಲಿ ಹೀಗಾಗುತ್ತದೆ.
• ಹಿಂದೆ ಕಣ್ಣಿಗೆ ಪೆಟ್ಟು, ಆಪರೇಷನ್, ಗ್ಲಾಕೋಮಾ ಆಗಿತ್ತೇ? ಮಧುಮೇಹ ಎಷ್ಟು ವರ್ಷದಿಂದ ಇದೆ?
• ಮನೆಯಲ್ಲಿ ಯಾರಿಗಾದರೂ ಕಾರ್ನಿಯಾ ಕಾಯಿಲೆ ಇದೆಯೇ?
• ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ. ಆಪರೇಷನ್ ವೇಳೆ ಪಾಪೆ ಸರಿಯಾಗಿ ಅಗಲವಾಗದೆ ತೊಡಕಾಗಬಹುದು.

ಇವುಗಳಲ್ಲಿ ಯಾವುದಾದರೂ ಇದ್ದರೆ ಎಂಡೋಥೀಲಿಯಂ ಕೋಶಗಳ ಎಣಿಕೆ ಬೇಕೇ ಎಂದು ಕೇಳಿ. ಅದಕ್ಕೆ ಸ್ಪೆಕ್ಯುಲರ್ ಮೈಕ್ರೋಸ್ಕೋಪ್ ಎಂಬ ಯಂತ್ರವಿದೆ. ನೋವಿಲ್ಲ, ಕೆಲವೇ ನಿಮಿಷದ ಕೆಲಸ.

ಆಪರೇಷನ್ ಆದ ಮೇಲೆ

ಮೊದಲ ಕೆಲವು ದಿನ ಸ್ವಲ್ಪ ಮಬ್ಬು ಇರುವುದು ಸಾಮಾನ್ಯ. ಸ್ಟೆರಾಯ್ಡ್ ಹನಿಯನ್ನು ಚೀಟಿಯಲ್ಲಿ ಬರೆದಂತೆ ಹಂತಹಂತವಾಗಿ ಇಳಿಸಿ. ಕಣ್ಣು ಬೆಳ್ಳಗಾಯಿತೆಂದು ನಡುವೆ ನಿಲ್ಲಿಸಬೇಡಿ. ಮುಗಿದ ಮೇಲೆ ನೀವೇ ಇನ್ನೊಂದು ಬಾಟಲಿ ಕೊಂಡು ಮುಂದುವರಿಸಲೂ ಬೇಡಿ, ಕಣ್ಣಿನ ಒತ್ತಡ ಏರಬಹುದು. ಕಾರ್ನಿಯಾ ಊದಿಕೊಂಡಿದ್ದರೆ ವೈದ್ಯರು ಉಪ್ಪಿನಂಶದ ಹನಿ ಬರೆಯಬಹುದು. ಅದು ತುಸು ಉರಿಯುತ್ತದೆ, ಹೆದರಬೇಡಿ. ಎರಡು ಹನಿ ಔಷಧಿಗಳ ನಡುವೆ ಐದು ನಿಮಿಷ ಬಿಡಿ.

ನೋವು ಅಥವಾ ಕೆಂಪು ಹೆಚ್ಚಿದರೆ, ಬಂದ ನೋಟ ಮತ್ತೆ ಇಳಿದರೆ, ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ. ಕಾರ್ನಿಯಾ ಪೂರ್ತಿ ಸೋತರೂ ದಾನಿಯ ಕಣ್ಣಿನಿಂದ ಒಳಪದರವನ್ನಷ್ಟೇ ಕಸಿ ಮಾಡುವ ಚಿಕಿತ್ಸೆ ಈಗ ಲಭ್ಯವಿದೆ.