ಡೆಪ್ಯೂಟಿ ಚನ್ನಬಸಪ್ಪನವರು

ಪಾಠ ತಿಳಿಯಲಿಲ್ಲವೆಂದು ಮಗು ಅತ್ತರೆ ನಾವು ಮಗುವನ್ನೇ ಗದರಿಸುತ್ತೇವೆ. ತಪ್ಪು ಶಾಲೆಯದೂ ಇರಬಹುದೆಂದು ಯೋಚಿಸುವ ತಂದೆತಾಯಿಗಳು ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಗೆ ಯೋಚಿಸಿದ ಅಧಿಕಾರಿಯೊಬ್ಬರು ನಮ್ಮ ಬೆಳಗಾವಿಯಲ್ಲಿದ್ದರು. ಅವರೇ ಡೆಪ್ಯೂಟಿ ಚನ್ನಬಸಪ್ಪನವರು.

ಅವರು ಹುಟ್ಟಿದ್ದು 1834ರಲ್ಲಿ, ಧಾರವಾಡದಲ್ಲಿ. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. ರಸ್ತೆ, ಸೇತುವೆ ಕಟ್ಟಿಸಿಕೊಂಡು ಸುಖವಾಗಿರಬಹುದಿತ್ತು. ಅದನ್ನು ಬಿಟ್ಟು ಶಿಕ್ಷಣ ಇಲಾಖೆಗೆ ಬಂದರು.

1818ರಲ್ಲಿ ಪೇಶ್ವೆಯವರ ಆಳ್ವಿಕೆ ಮುಗಿದ ಮೇಲೆ ಈ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿ ಮರಾಠಿ, ಸರಕಾರಿ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಮರಾಠಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ರೈತನ ಮಗ ಲೆಕ್ಕ ಕಲಿಯುವ ಮೊದಲು ಇನ್ನೊಂದು ಭಾಷೆಯನ್ನೇ ಕಲಿಯಬೇಕು! ಅಲ್ಲಿಯೇ ಸೋತವನು ಹೈಸ್ಕೂಲಿನ ಮೆಟ್ಟಿಲು ಹತ್ತುವುದಾದರೂ ಹೇಗೆ? ಸಾಮಾನ್ಯ ಜನರಿಗೆ ಅವರವರ ನುಡಿಯಲ್ಲಿ ವಿದ್ಯೆ ಕೊಡಬೇಕೆಂದು 1854ರಲ್ಲಿ ಲಂಡನ್ನಿನಿಂದ ಚಾರ್ಲ್ಸ್ ವುಡ್ ಅವರ ಆದೇಶವೇನೋ ಬಂತು. ಆದರೆ ಕಾಗದ ತಾನಾಗಿ ಶಾಲೆ ನಡೆಸುವುದಿಲ್ಲವಲ್ಲ. ನಮಗೆಲ್ಲ ಪರಿಚಿತವಾದ ಸಂತ ಪೌಲರ ಹೈಸ್ಕೂಲು ಕ್ಯಾಂಪಿನಲ್ಲಿ ಆರಂಭವಾದದ್ದೂ ಆ ಸುಮಾರಿಗೇ, 1856ರಲ್ಲಿ.

ಕನ್ನಡ ಶಾಲೆ ತೆರೆಯೋಣವೆಂದರೆ ಕನ್ನಡ ಬಲ್ಲ ಮಾಸ್ತರರಿಲ್ಲ, ಮಾಸ್ತರರು ಸಿಕ್ಕರೆ ಪುಸ್ತಕಗಳಿಲ್ಲ. ಚನ್ನಬಸಪ್ಪನವರು ಬೇರಿಗೇ ಕೈಹಾಕಿದರು. ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಮಾಸ್ತರರನ್ನು ತಯಾರುಮಾಡಿದರು. ಮೇಲಧಿಕಾರಿ ರಸೆಲ್ ಸಾಹೇಬರ ಮನವೊಲಿಸಿ ಕನ್ನಡ ಊರುಗಳಲ್ಲಿ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಡೆಪ್ಯೂಟಿ ಇನ್ಸ್‌ಪೆಕ್ಟರರ ಕೆಲಸವೆಂದರೆ ಊರೂರು ತಿರುಗುವುದು. ಮೋಟಾರು, ಬಸ್ಸುಗಳಿಲ್ಲದ ಕಾಲ ಅದು. ಮಾಸ್ತರರಿಗಾಗಿ 1865ರಲ್ಲಿ 'ಮಠಪತ್ರಿಕೆ' ಹೊರಟಿತು. ಸಂಪಾದಕತ್ವದಲ್ಲಿ ಜೊತೆಗಿದ್ದವರು ವೆಂಕಟ ರಂಗೋ ಕಟ್ಟಿ. ಸಾಲದ್ದಕ್ಕೆ ಷೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಹೆಸರು ಕೇಳಿದರೇ ನಗು ಬರುತ್ತದೆ.

ಮರಾಠಿಯ ಮೇಲಿನ ದ್ವೇಷದಿಂದ ಇದನ್ನೆಲ್ಲ ಮಾಡಿದರೆಂದು ತಿಳಿಯುವುದು ಸರಿಯಲ್ಲ. ಪುಣೆಯಲ್ಲಿ ಓದಿದವರು ಅವರು. ಮಗುವಿಗೆ ಮನೆಮಾತಿನಲ್ಲಿ ಪಾಠವಾಗಬೇಕೆಂಬ ನ್ಯಾಯ ಒಬ್ಬರಿಗಷ್ಟೇ ಅಲ್ಲ. ಖಾನಾಪುರದ ಕಡೆ ಒಂದು ಮನೆಯಲ್ಲಿ ಕನ್ನಡ, ಪಕ್ಕದಲ್ಲಿ ಮರಾಠಿ, ಅದರಾಚೆ ಕೊಂಕಣಿ. ಅಲ್ಲಿಯ ಮರಾಠಿ ಮಗುವಿಗೆ ಮರಾಠಿಯಲ್ಲಿ ಪಾಠ ಹೇಳುವುದೂ ಅದೇ ನ್ಯಾಯವೇ. ನಮ್ಮ ಕೊಂಕಣಿ ಮಕ್ಕಳ ವಿಷಯದಲ್ಲಿ ಮಾತ್ರ ಯಾರೂ ಅಷ್ಟು ತಲೆಕೆಡಿಸಿಕೊಂಡಂತೆ ಕಾಣೆ.

1881ರಲ್ಲಿ, ಐವತ್ತು ತುಂಬುವ ಮೊದಲೇ, ಚನ್ನಬಸಪ್ಪನವರು ಬೆಳಗಾವಿಯಲ್ಲಿ ತೀರಿಕೊಂಡರು. ಹುದ್ದೆಯ ಹೆಸರು ಮಾತ್ರ ಅವರನ್ನು ಬಿಡಲಿಲ್ಲ. ಜನರ ಬಾಯಲ್ಲಿ ಇಂದಿಗೂ ಅವರು ಡೆಪ್ಯೂಟಿಯೇ. ಅವರು ಹೊರಡಿಸಿದ ಪತ್ರಿಕೆ ಮುಂದೆ 'ಜೀವನ ಶಿಕ್ಷಣ'ವೆಂಬ ಹೆಸರಿನಲ್ಲಿ ಧಾರವಾಡದಿಂದ ಮಾಸ್ತರರ ಕೈಸೇರತೊಡಗಿತು.