ಬಿಲ್ ಫಿಂಗರ್

ಬಿಲ್ ಫಿಂಗರ್ (8 ಫೆಬ್ರುವರಿ 1914 – 18 ಜನವರಿ 1974) ಅಮೆರಿಕದ ಕಾಮಿಕ್ಸ್ ಲೇಖಕರು. ಚಿತ್ರಕಾರ ಬಾಬ್ ಕೇನ್ ಅವರೊಡನೆ ಸೇರಿ ಬ್ಯಾಟ್‌ಮನ್ ಪಾತ್ರವನ್ನು ರೂಪಿಸಿದವರು ಇವರೇ. ರಾಬಿನ್, ಜೋಕರ್, ಕ್ಯಾಟ್‌ವುಮನ್ ಮೊದಲಾದ ಪಾತ್ರಗಳ ಹುಟ್ಟಿನಲ್ಲಿಯೂ, ಮೊದಲ ಗ್ರೀನ್ ಲ್ಯಾಂಟರ್ನ್ ಪಾತ್ರದ ಸೃಷ್ಟಿಯಲ್ಲಿಯೂ ಇವರ ಪಾಲು ದೊಡ್ಡದು. ಆದರೆ ಇವರು ಬದುಕಿದ್ದಷ್ಟು ಕಾಲ ಬ್ಯಾಟ್‌ಮನ್‌ನ ಸೃಷ್ಟಿಕರ್ತರೆಂದು ಅಧಿಕೃತವಾಗಿ ಅಚ್ಚಾಗುತ್ತಿದ್ದುದು ಕೇನ್ ಅವರ ಹೆಸರೊಂದೇ. ಫಿಂಗರ್ ಅವರ ಹೆಸರು ಅದರ ಪಕ್ಕದಲ್ಲಿ ಕಾಣಿಸಿಕೊಂಡದ್ದು 2015ರಲ್ಲಿ, ಅಂದರೆ ಅವರು ತೀರಿಕೊಂಡ 41 ವರ್ಷಗಳ ಬಳಿಕ. ಅವರ ಮೊದಲ ಬ್ಯಾಟ್‌ಮನ್ ಕಥೆಯನ್ನು ಹೊತ್ತ ಹತ್ತು ಸೆಂಟಿನ ಸಂಚಿಕೆಯನ್ನು ಹಳೆಯ ಕಾಮಿಕ್ಸ್ ಸಂಗ್ರಾಹಕರು ಇಂದು ಹತ್ತು ಲಕ್ಷ ಡಾಲರಿಗೂ ಮಿಕ್ಕಿದ ಬೆಲೆ ತೆತ್ತು ಕೊಳ್ಳುತ್ತಾರೆ.

ಜನನ ಮತ್ತು ಬಾಲ್ಯ

ಫಿಂಗರ್ ಹುಟ್ಟಿದ್ದು ಕೊಲೊರಾಡೊ ರಾಜ್ಯದ ಡೆನ್ವರ್ ನಗರದಲ್ಲಿ. ತಂದೆತಾಯಿ ಇಟ್ಟ ಹೆಸರು ಮಿಲ್ಟನ್. ತಂದೆ ಲೂಯಿ ಫಿಂಗರ್ ಆಸ್ಟ್ರಿಯಾ–ಹಂಗೆರಿಯಿಂದ ಅಮೆರಿಕಕ್ಕೆ ವಲಸೆ ಬಂದ ಯೆಹೂದಿ. ತಾಯಿಯ ಹೆಸರು ಟೆಸ್ಸಿ. ಇಬ್ಬರು ಸೋದರಿಯರಿದ್ದರು. ಕುಟುಂಬವು ಮುಂದೆ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದು ನೆಲೆಸಿತು. ಅಲ್ಲಿ ತಂದೆ ಒಂದು ದರ್ಜಿ ಅಂಗಡಿ ಇಟ್ಟಿದ್ದರು; 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಅದು ಮುಚ್ಚಿಹೋಯಿತು. ಮಿಲ್ಟನ್ 1933ರಲ್ಲಿ ಡಿವಿಟ್ ಕ್ಲಿಂಟನ್ ಪ್ರೌಢಶಾಲೆಯಲ್ಲಿ ಓದು ಮುಗಿಸಿದರು. ಮಗ ವೈದ್ಯನಾಗಬೇಕೆಂಬುದು ಹೆತ್ತವರ ಆಸೆಯಾಗಿತ್ತು. ಮಗನಿಗಾದರೋ ಒಲಿದದ್ದು ಓದು, ಸಿನಿಮಾ ಮತ್ತು ಅಗ್ಗದ ಪತ್ತೇದಾರಿ ಪತ್ರಿಕೆಗಳು. ಯೆಹೂದಿ ಹೆಸರಿನವರಿಗೆ ಕೆಲಸ ಸಿಗುವುದು ಕಷ್ಟವಾಗಿದ್ದ ಆ ದಿನಗಳಲ್ಲಿ ಅವರು ಮಿಲ್ಟನ್ ಎಂಬುದನ್ನು ಬಿಟ್ಟು ಬಿಲ್ ಎಂದು ಕರೆದುಕೊಂಡರು. ತಮ್ಮ ಹೆಸರನ್ನು ಹೀಗೆ ತಾವೇ ಬದಲಿಸಿಕೊಂಡವರ ಇನ್ನೊಂದು ಹೆಸರನ್ನೂ ಮುಂದೆ ಲೋಕ ಮರೆತದ್ದು ವಿಚಿತ್ರ.

ಬಾಬ್ ಕೇನ್ ಅವರ ಪರಿಚಯ

ಫಿಂಗರ್ ಪಾದರಕ್ಷೆಯ ಅಂಗಡಿಯೊಂದರಲ್ಲಿ ಮಾರಾಟಗಾರರಾಗಿದ್ದಾಗ, 1938ರ ಸುಮಾರಿಗೆ, ಒಂದು ಸಂತೋಷಕೂಟದಲ್ಲಿ ಬಾಬ್ ಕೇನ್ ಅವರ ಪರಿಚಯವಾಯಿತು. ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಕೇನ್ ಅವರಿಗೆ ಚಿತ್ರ ಬರೆಯುವ ಕೈಯಿತ್ತು, ಪ್ರಕಾಶಕರೊಡನೆ ವ್ಯವಹರಿಸುವ ಚಾತುರ್ಯವಿತ್ತು. ಕಥೆ ಹೆಣೆಯುವವರು ಬೇಕಾಗಿದ್ದರು. ಫಿಂಗರ್ ಅವರಿಗೆ ಕಥೆ ಬರೆಯಲು ಬರುತ್ತಿತ್ತು, ಮತ್ತಾವುದೂ ಬರುತ್ತಿರಲಿಲ್ಲ. ಹೀಗೆ 'ರಸ್ಟಿ ಅಂಡ್ ಹಿಸ್ ಪಾಲ್ಸ್', 'ಕ್ಲಿಪ್ ಕಾರ್ಸನ್' ಎಂಬ ಚಿತ್ರಮಾಲೆಗಳಿಗೆ ಅವರು ಕಥೆ ಬರೆದುಕೊಟ್ಟರು. ಅವು ಕೇನ್ ಅವರ ಹೆಸರಿನಲ್ಲಿ ಪ್ರಕಟವಾದವು. ಒಬ್ಬ ಕಲಾವಿದನು ತನ್ನ ಹೆಸರಿನ ಕೆಲಸಕ್ಕೆ ಇನ್ನೊಬ್ಬರನ್ನು ಇಟ್ಟುಕೊಂಡು ತಾನೇ ಹಣ ಕೊಡುವುದು ಆ ಉದ್ಯಮದಲ್ಲಿ ಆಗ ಸಾಮಾನ್ಯವಾಗಿತ್ತು. ಆದ್ದರಿಂದ ಮೊದಮೊದಲು ಫಿಂಗರ್ ಅವರಿಗೂ ಇದು ಅನ್ಯಾಯವೆಂದು ತೋರಿರಲಾರದು.

ಬ್ಯಾಟ್‌ಮನ್‌ನ ಹುಟ್ಟು

1938ರಲ್ಲಿ 'ಆ್ಯಕ್ಷನ್ ಕಾಮಿಕ್ಸ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಸೂಪರ್‌ಮನ್ ಕಾಣಿಸಿಕೊಂಡು ಅಪಾರ ಜನಪ್ರಿಯತೆ ಗಳಿಸಿದ್ದನು. ಅಂಥದೇ ಇನ್ನೊಬ್ಬ ನಾಯಕ ಬೇಕೆಂದು ಸಂಪಾದಕ ವಿನ್ ಸಲಿವನ್ ಅಪೇಕ್ಷಿಸಿದರು. ಕೇನ್ ಒಂದು ವಾರಾಂತ್ಯದಲ್ಲಿ ಹೊಸ ನಾಯಕನೊಬ್ಬನ ಕರಡು ಚಿತ್ರ ಬರೆದು ಫಿಂಗರ್ ಅವರಿಗೆ ತೋರಿಸಿದರು. ಕೆಂಪು ಬಣ್ಣದ ಬಿಗಿ ಉಡುಪು, ಕಣ್ಣಿನ ಸುತ್ತ ಸಣ್ಣ ಮುಖವಾಡ, ಬೆನ್ನಿಗೆ ಎರಡು ಗಡುಸಾದ ರೆಕ್ಕೆ, ಹೆಸರು ಬ್ಯಾಟ್‌ಮನ್. ಅದರಲ್ಲಿ ಹೆಸರನ್ನು ಬಿಟ್ಟರೆ ನಾವು ಇಂದು ಬಲ್ಲ ಬ್ಯಾಟ್‌ಮನ್ ಇರಲಿಲ್ಲವೆಂದೇ ಹೇಳಬೇಕು.

ಫಿಂಗರ್ ನಿಘಂಟಿನಲ್ಲಿದ್ದ ಬಾವಲಿಯ ಚಿತ್ರವನ್ನು ತೆಗೆದು ತೋರಿಸಿ ಅದರ ಕಿವಿಗಳತ್ತ ಗಮನ ಸೆಳೆದರು. ಸಣ್ಣ ಮುಖವಾಡದ ಬದಲು ತಲೆಯನ್ನೂ ಮುಖವನ್ನೂ ಮುಚ್ಚುವ ಕಿವಿಯುಳ್ಳ ಕುಲಾವಿ, ರೆಕ್ಕೆಗಳ ಬದಲು ಬಾವಲಿಯ ರೆಕ್ಕೆಯಂತೆ ಅಂಚು ಕತ್ತರಿಸಿದ ಮೇಲುಹೊದಿಕೆ, ಕೆಂಪಿನ ಬದಲು ಬೂದು ಮತ್ತು ಕಪ್ಪು ಬಣ್ಣ, ಕೈಗವಸು – ಇವೆಲ್ಲ ಅವರ ಸಲಹೆಗಳು. ಕಣ್ಣಿನ ಜಾಗದಲ್ಲಿ ಪಾಪೆಯಿಲ್ಲದೆ ಬರಿಯ ಬಿಳಿಯನ್ನು ಬಿಡುವ ಉಪಾಯಕ್ಕೆ ಲೀ ಫಾಕ್ ಅವರ ಫ್ಯಾಂಟಮ್ ಮಾದರಿಯಾಗಿತ್ತು. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನಮ್ಮ ಕಡೆಯವರಿಗೆ ಫ್ಯಾಂಟಮ್ ಪರಿಚಿತನೇ. ಅವನ ಮುಖವಾಡವನ್ನೂ ಬ್ಯಾಟ್‌ಮನ್‌ನ ಮುಖವಾಡವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ನಂಟು ತಾನಾಗಿ ತಿಳಿಯುತ್ತದೆ.

ನಾಯಕನ ನಿಜನಾಮ ಬ್ರೂಸ್ ವೇನ್ ಎಂಬುದೂ ಫಿಂಗರ್ ಇಟ್ಟದ್ದು. ಸ್ಕಾಟ್ಲೆಂಡಿನ ದೊರೆ ರಾಬರ್ಟ್ ಬ್ರೂಸ್ ಮತ್ತು ಅಮೆರಿಕದ ಸ್ವಾತಂತ್ರ್ಯ ಸಮರದ ಸೇನಾನಿ ಆಂಟನಿ ವೇನ್ ಇವರ ಹೆಸರುಗಳಿಂದ ಅದನ್ನು ಕೂಡಿಸಿದರು. ಕಥೆ ನಡೆಯುವ ಗಾಥಮ್ ನಗರದ ಹೆಸರನ್ನು ಅವರು ಆರಿಸಿದ್ದು ದೂರವಾಣಿ ಪುಸ್ತಕದಲ್ಲಿ ಕಂಡ ಒಂದು ಆಭರಣದಂಗಡಿಯ ಹೆಸರಿನಿಂದ.

ಮೊದಲ ಕಥೆ 'ಡಿಟೆಕ್ಟಿವ್ ಕಾಮಿಕ್ಸ್' ಪತ್ರಿಕೆಯ 27ನೆಯ ಸಂಚಿಕೆಯಲ್ಲಿ ಪ್ರಕಟವಾಯಿತು. ಮುಖಪುಟದ ಮೇಲೆ ಮೇ 1939 ಎಂದಿದ್ದರೂ ಅದು ಅಂಗಡಿಗಳಿಗೆ ಬಂದದ್ದು ಮಾರ್ಚ್ ಕೊನೆಯಲ್ಲಿ. ರಸಾಯನ ಕಾರ್ಖಾನೆಯ ಪಾಲುದಾರರ ಕೊಲೆಗಳನ್ನು ಕುರಿತ ಆ ಕಥೆಗೆ ಷ್ಯಾಡೋ ಎಂಬ ಪತ್ತೇದಾರನ 1936ರ ಕಾದಂಬರಿಯೊಂದು ಆಧಾರ. ಷ್ಯಾಡೋನ ಋಣವನ್ನು ಫಿಂಗರ್ ಸ್ವತಃ ಒಪ್ಪಿಕೊಂಡಿದ್ದರು. ಕಥೆಯ ಮೊದಲ ಪುಟದಲ್ಲಿದ್ದ ಸಹಿ ಮಾತ್ರ ಕೇನ್ ಅವರದು. ಬರೆದವರ ಹೆಸರು ಸಂಚಿಕೆಯಲ್ಲಿ ಎಲ್ಲಿಯೂ ಇರಲಿಲ್ಲ. ಕೇನ್ ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೂ ಇರಲಿಲ್ಲ.

ಇತರ ಪಾತ್ರಗಳು ಮತ್ತು ಬರವಣಿಗೆಯ ರೀತಿ

ಬಾಲಕ ಬ್ರೂಸ್‌ನ ಕಣ್ಣೆದುರೇ ತಂದೆತಾಯಿಯರ ಕೊಲೆಯಾಗುವ ಪ್ರಸಂಗವನ್ನು ಎರಡೇ ಪುಟಗಳಲ್ಲಿ ಹೇಳಿದ್ದು 33ನೆಯ ಸಂಚಿಕೆಯಲ್ಲಿ (ನವೆಂಬರ್ 1939). ಮುಂದೆ ಬಂದ ಎಷ್ಟೋ ಚಲನಚಿತ್ರಗಳು ಈ ಎರಡು ಪುಟಗಳನ್ನೇ ಮತ್ತೆ ಮತ್ತೆ ತೋರಿಸಿವೆ. ನಾಯಕನಿಗೆ ಮಾತನಾಡಲು ಜೊತೆಗಾರನೊಬ್ಬ ಬೇಕು, ಷೆರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ, ಎಂಬ ಆಲೋಚನೆಯಿಂದ 38ನೆಯ ಸಂಚಿಕೆಯಲ್ಲಿ (ಏಪ್ರಿಲ್ 1940) ಬಾಲಕ ರಾಬಿನ್ ಬಂದನು. ಅದೇ ವರ್ಷದ ವಸಂತಕಾಲದಲ್ಲಿ ಹೊರಬಂದ 'ಬ್ಯಾಟ್‌ಮನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಜೋಕರ್ ಮತ್ತು ಕ್ಯಾಟ್‌ವುಮನ್ ಇಬ್ಬರೂ ಕಾಣಿಸಿಕೊಂಡರು. ಜೋಕರ್ ಯಾರ ಕಲ್ಪನೆ ಎಂಬುದರಲ್ಲಿ ಕೇನ್ ಮತ್ತು ಅವರ ಸಹಾಯಕ ಜೆರ್ರಿ ರಾಬಿನ್ಸನ್ ಅವರ ಹೇಳಿಕೆಗಳು ಹೊಂದುವುದಿಲ್ಲ. 1928ರ ಮೂಕಿಚಿತ್ರವೊಂದರಲ್ಲಿ ಸದಾ ಹಲ್ಲುಕಿರಿದಂತಿರುವ ಮುಖದ ಪಾತ್ರ ವಹಿಸಿದ್ದ ನಟ ಕಾನ್ರಾಡ್ ವೈಟ್ ಅವರ ಚಿತ್ರವನ್ನು ತಂದು ಮಾದರಿಯಾಗಿ ಕೊಟ್ಟವರು ಫಿಂಗರ್ ಎಂಬುದು ಮಾತ್ರ ಹೆಚ್ಚಾಗಿ ಒಪ್ಪಿತವಾದ ಸಂಗತಿ.

1940ರ ಜುಲೈ ತಿಂಗಳ 'ಆಲ್–ಅಮೆರಿಕನ್ ಕಾಮಿಕ್ಸ್' 16ನೆಯ ಸಂಚಿಕೆಯಲ್ಲಿ ಚಿತ್ರಕಾರ ಮಾರ್ಟಿನ್ ನೋಡೆಲ್ ಅವರೊಡನೆ ಗ್ರೀನ್ ಲ್ಯಾಂಟರ್ನ್ ಪಾತ್ರವನ್ನು ರೂಪಿಸಿದರು. ರಿಡ್ಲರ್ ಎಂಬ ಒಗಟುಗಾರ ಖಳನನ್ನು 1948ರಲ್ಲಿ ಡಿಕ್ ಸ್ಪ್ರಾಂಗ್ ಅವರೊಡನೆ ಸೃಷ್ಟಿಸಿದರು. ಸೂಪರ್‌ಮನ್‌ನ ಶಕ್ತಿಯನ್ನು ಕುಂದಿಸುವ ಕ್ರಿಪ್ಟೊನೈಟ್ ಎಂಬ ವಸ್ತು ಮೊದಲು ರೇಡಿಯೊ ಧಾರಾವಾಹಿಯಲ್ಲಿ ಬಂದಿತ್ತು. ಅದನ್ನು 1949ರಲ್ಲಿ ಕಾಮಿಕ್ಸ್‌ಗೆ ತಂದ ಕಥೆಯೂ ಇವರದೇ.

ಫಿಂಗರ್ ಬಹಳ ನಿಧಾನವಾಗಿ ಬರೆಯುತ್ತಿದ್ದರು. ಕೊಡಬೇಕಾದ ದಿನ ಕಳೆದರೂ ಕಥೆ ಮುಗಿದಿರುತ್ತಿರಲಿಲ್ಲ; ಮುಂಗಡ ಕೇಳುವುದೂ ಇತ್ತು. ಇದರಿಂದ ಸಂಪಾದಕರಲ್ಲಿ ಅವರಿಗೆ ಒಳ್ಳೆಯ ಹೆಸರಿರಲಿಲ್ಲವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ನಿಧಾನಕ್ಕೆ ಕಾರಣವೂ ಇತ್ತು. ಕುತೂಹಲ ಹುಟ್ಟಿಸಿದ ಸಂಗತಿಗಳನ್ನೆಲ್ಲ ಅವರು ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಪತ್ರಿಕೆಗಳಿಂದ ಚಿತ್ರಗಳನ್ನು ಕತ್ತರಿಸಿ ಕಥೆಯೊಡನೆ ಚಿತ್ರಕಾರರಿಗೆ ಕಳುಹಿಸುತ್ತಿದ್ದರು. ಅವರ ಕಥೆಗಳಲ್ಲಿ ಮನೆಯಷ್ಟು ದೊಡ್ಡ ಬೆರಳಚ್ಚು ಯಂತ್ರ, ಭಾರಿ ಗಾತ್ರದ ನಾಣ್ಯ ಇಂಥವುಗಳ ನಡುವೆ ಹೊಡೆದಾಟ ನಡೆಯುವುದು ಒಂದು ಗುರುತೇ ಆಗಿಹೋಯಿತು. ಸುಮಾರು 25 ವರ್ಷ ಅವರು ಬ್ಯಾಟ್‌ಮನ್ ಕಥೆಗಳನ್ನು ಬರೆದರು.

ಮನ್ನಣೆಯ ಪ್ರಶ್ನೆ

1965ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಕಾಮಿಕ್ಸ್ ಅಭಿಮಾನಿಗಳ ಸಮಾವೇಶದಲ್ಲಿ ಫಿಂಗರ್ ಭಾಗವಹಿಸಿ, ಬ್ಯಾಟ್‌ಮನ್ ಹುಟ್ಟಿದ ಬಗೆಯನ್ನು ಹೇಳಿದರು. ಅಭಿಮಾನಿಗಳಲ್ಲಿ ಪ್ರಮುಖರಾಗಿದ್ದ ಜೆರ್ರಿ ಬೇಲ್ಸ್ ಅವರೊಡನೆ ಮಾತನಾಡಿ ಅದೇ ವರ್ಷ ಒಂದು ಲೇಖನ ಬರೆದು ಹಂಚಿದರು. ಫಿಂಗರ್ ಅವರ ಕೊಡುಗೆಯನ್ನು ಬರಹದಲ್ಲಿ ದಾಖಲಿಸಿದ ಮೊದಲ ಪ್ರಯತ್ನವದು. ಕೇನ್ ಸಿಟ್ಟಿನಿಂದ ದೀರ್ಘವಾದ ಪತ್ರ ಬರೆದು, ಬ್ಯಾಟ್‌ಮನ್ ತಮ್ಮೊಬ್ಬರದೇ ಸೃಷ್ಟಿಯೆಂದು ಸಾಧಿಸಿದರು. ಹಳೆಯ ಸಂಚಿಕೆಗಳನ್ನು ಹುಡುಕಿ ಕೂಡಿಡುತ್ತಿದ್ದ ಅಭಿಮಾನಿಗಳೇ ಆ ಸಂಚಿಕೆಗಳಲ್ಲಿ ಇಲ್ಲದ ಹೆಸರುಗಳನ್ನೂ ಹುಡುಕಲು ಹೊರಟದ್ದು ಕಾಮಿಕ್ಸ್ ಇತಿಹಾಸದಲ್ಲಿ ಮುಖ್ಯವಾದ ಘಟನೆ.

1966ರಲ್ಲಿ ದೂರದರ್ಶನದ ಬ್ಯಾಟ್‌ಮನ್ ಧಾರಾವಾಹಿ ಅಮೆರಿಕದಲ್ಲಿ ಮನೆಮಾತಾಯಿತು. ಅದರ ಎರಡು ಕಂತುಗಳ ಒಂದು ಕಥೆಯನ್ನು ಫಿಂಗರ್ ತಮ್ಮ ಗೆಳೆಯ ಚಾರ್ಲ್ಸ್ ಸಿಂಕ್ಲೇರ್ ಅವರೊಡನೆ ಬರೆದರು. ತಾವು ಹುಟ್ಟಿಸಿದ ಪಾತ್ರದ ಧಾರಾವಾಹಿಯಲ್ಲಿ ಹತ್ತಾರು ಲೇಖಕರಲ್ಲಿ ಒಬ್ಬರಾಗಿ ಅವರ ಹೆಸರು ತೆರೆಯ ಮೇಲೆ ಬಂದಿತು. 'ದಿ ಗ್ರೀನ್ ಸ್ಲೈಮ್' (1968) ಚಲನಚಿತ್ರಕ್ಕೂ ಅವರು ಬರೆದಿದ್ದಾರೆ.

ಕೊನೆಯ ದಿನಗಳು

ಫಿಂಗರ್ ಎರಡು ಸಲ ಮದುವೆಯಾಗಿದ್ದರು. ಮೊದಲ ಪತ್ನಿ ಪೋರ್ಷಿಯಾ ಅವರಲ್ಲಿ ಫ್ರೆಡ್ ಎಂಬ ಒಬ್ಬನೇ ಮಗ. ಕೊನೆಗಾಲದಲ್ಲಿ ಹಣದ ಅಡಚಣೆ, ಹೃದಯದ ಕಾಯಿಲೆ ಎರಡೂ ಇದ್ದವು. 1974ರ ಜನವರಿಯಲ್ಲಿ ಮ್ಯಾನ್‌ಹಟನ್‌ನ ತಮ್ಮ ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ಸಿಂಕ್ಲೇರ್ ಬಂದು ನೋಡಿದಾಗಲೇ ಸಾವು ತಿಳಿದದ್ದು. ಆಗ ಅವರಿಗೆ 59 ವರ್ಷ. ಅನಾಥ ಶವಗಳನ್ನು ಹೂಳುವ ಸ್ಥಳದಲ್ಲಿ ಅವರನ್ನು ಹೂಳಲಾಯಿತೆಂದು ಬಹುಕಾಲ ನಂಬಲಾಗಿತ್ತು; ಕೆಲವು ಪುಸ್ತಕಗಳಲ್ಲಿ ಇಂದಿಗೂ ಈ ತಪ್ಪು ಉಳಿದಿದೆ. ವಾಸ್ತವವಾಗಿ ದೇಹವನ್ನು ದಹಿಸಲಾಗಿತ್ತು. ಮಗ ಫ್ರೆಡ್ ಓರೆಗಾನ್ ರಾಜ್ಯದ ಕಡಲತೀರದ ಮರಳಿನ ಮೇಲೆ ಚಿತಾಭಸ್ಮವನ್ನು ಬಾವಲಿಯ ಆಕಾರದಲ್ಲಿ ಹರಡಿ, ಅಲೆಗಳು ಅದನ್ನು ಒಯ್ಯುವಂತೆ ಮಾಡಿದರು.

ಮರಣಾನಂತರದ ಮನ್ನಣೆ

1989ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಕೇನ್ ತಮ್ಮ ನಿಲುವನ್ನು ಸಡಿಲಿಸಿ, ಫಿಂಗರ್ ಅವರಿಗೆ ಸಲ್ಲಬೇಕಾದ ಕೀರ್ತಿ ಸಲ್ಲಲಿಲ್ಲವೆಂದು ಒಪ್ಪಿಕೊಂಡರು. ಆದರೆ ಒಪ್ಪಂದವನ್ನು ತಿದ್ದಲು ಏನೂ ಮಾಡಲಿಲ್ಲ. ಅದೇ ವರ್ಷ ತೆರೆಕಂಡ ಚಲನಚಿತ್ರದಲ್ಲಿಯೂ ಸೃಷ್ಟಿಕರ್ತರೆಂದು ಇದ್ದದ್ದು ಕೇನ್ ಅವರ ಹೆಸರೇ. ಫಿಂಗರ್ ಅವರ ಮಗ 1992ರಲ್ಲಿಯೂ, ಕೇನ್ 1998ರಲ್ಲಿಯೂ ತೀರಿಕೊಂಡರು.

ಫಿಂಗರ್ ಅವರನ್ನು 1994ರಲ್ಲಿ ಜ್ಯಾಕ್ ಕರ್ಬಿ ಗೌರವ ಪಟ್ಟಿಗೂ 1999ರಲ್ಲಿ ವಿಲ್ ಐಸ್ನರ್ ಗೌರವ ಪಟ್ಟಿಗೂ ಸೇರಿಸಲಾಯಿತು. ಜೆರ್ರಿ ರಾಬಿನ್ಸನ್ ಅವರ ಪ್ರಯತ್ನದಿಂದ 2005ರಲ್ಲಿ ಕಾಮಿಕ್ಸ್ ಲೇಖಕರಿಗಾಗಿ ಬಿಲ್ ಫಿಂಗರ್ ಪ್ರಶಸ್ತಿ ಆರಂಭವಾಯಿತು. ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ಅನೇಕ ವರ್ಷ ಸಂಶೋಧನೆ ನಡೆಸಿ, ಅದುವರೆಗೆ ಯಾರೂ ಕಾಣದ ಛಾಯಾಚಿತ್ರಗಳನ್ನು ಪತ್ತೆಹಚ್ಚಿ, 2012ರಲ್ಲಿ ಮಕ್ಕಳಿಗಾಗಿ ಒಂದು ಸಚಿತ್ರ ಜೀವನಚರಿತ್ರೆ ಪ್ರಕಟಿಸಿದರು. ವಾರಸುದಾರರೇ ಇಲ್ಲವೆಂದು ತಿಳಿಯಲಾಗಿದ್ದ ಫಿಂಗರ್ ಅವರಿಗೆ ಅಥೀನಾ ಎಂಬ ಮೊಮ್ಮಗಳಿದ್ದಾಳೆಂಬುದೂ ಈ ಶೋಧನೆಯಲ್ಲಿ ಹೊರಬಿತ್ತು. ಅಜ್ಜ ತೀರಿಕೊಂಡ ಎರಡು ವರ್ಷಗಳ ಮೇಲೆ ಹುಟ್ಟಿದವಳು ಆಕೆ. ಆಕೆಯೂ ಬೆಂಬಲಿಗರೂ ಪಟ್ಟುಹಿಡಿದುದರ ಫಲವಾಗಿ 2015ರ ಸೆಪ್ಟೆಂಬರಿನಲ್ಲಿ ಡಿ.ಸಿ. ಸಂಸ್ಥೆ ಫಿಂಗರ್ ಅವರ ಹೆಸರನ್ನು ಸೇರಿಸುವುದಾಗಿ ಪ್ರಕಟಿಸಿತು. ಅಕ್ಟೋಬರ್ 21ರಂದು ಹೊರಬಂದ ಸಂಚಿಕೆಗಳಿಂದ ಇದು ಜಾರಿಗೆ ಬಂದಿತು. 2017ರ ಡಿಸೆಂಬರಿನಲ್ಲಿ ಬ್ರಾಂಕ್ಸ್‌ನ ಒಂದು ಬೀದಿಗೆ ಅವರ ಹೆಸರಿಡಲಾಯಿತು. ಫಿಂಗರ್ ಮತ್ತು ಕೇನ್ ಕುಳಿತು ಕಥೆಗಳನ್ನು ಚರ್ಚಿಸುತ್ತಿದ್ದ ಪೋ ಉದ್ಯಾನ ಅದರ ಸಮೀಪದಲ್ಲಿಯೇ ಇದೆ.

ಸಂಗ್ರಾಹಕರಲ್ಲಿ ಅವರ ಸಂಚಿಕೆಗಳು

1939–40ರ ಸಂಚಿಕೆಗಳು ಇಂದು ಅತಿ ವಿರಳ. ಅಗ್ಗದ ಸುದ್ದಿಕಾಗದದಲ್ಲಿ ಅಚ್ಚಾದ ಅವುಗಳ ಪುಟಗಳು ಕಾಗದದಲ್ಲಿರುವ ಆಮ್ಲದಿಂದ ಕಂದುಬಣ್ಣಕ್ಕೆ ತಿರುಗಿ ಮುರಿದುಹೋಗುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದ ಸಂಗ್ರಹಿಸುವ ಅಭಿಯಾನಕ್ಕೆ ಮಕ್ಕಳು ತಮ್ಮ ಕಾಮಿಕ್ಸ್‌ಗಳನ್ನು ಕೊಟ್ಟುಬಿಟ್ಟರು. ಉಳಿದವು ಹೆಚ್ಚಾಗಿ ಮನೆ ಗುಡಿಸುವಾಗ ಹೊರಗೆ ಹೋದವು. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಅವರ ಬೆಲೆಪಟ್ಟಿ ಪುಸ್ತಕ ಬಂದ ಮೇಲೆ ಈ ವ್ಯವಹಾರಕ್ಕೆ ಒಂದು ಕ್ರಮ ಬಂದಿತು. ಈಗ ಸಂಚಿಕೆಯ ಸ್ಥಿತಿಯನ್ನು ತಜ್ಞರು ಪರಿಶೀಲಿಸಿ, ಹತ್ತರವರೆಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಮೊಹರು ಮಾಡುತ್ತಾರೆ. ಒಳಗಿನ ಕಥೆಯನ್ನು ಅನಂತರ ಯಾರೂ ಓದುವಂತಿಲ್ಲ!

2010ರ ಫೆಬ್ರುವರಿಯಲ್ಲಿ 8.0 ಅಂಕದ 27ನೆಯ ಸಂಚಿಕೆಯ ಒಂದು ಪ್ರತಿ ಹರಾಜಿನಲ್ಲಿ 10,75,500 ಡಾಲರಿಗೆ ಮಾರಾಟವಾಯಿತು. ಸೂಪರ್‌ಮನ್‌ನ ಮೊದಲ ಸಂಚಿಕೆ ಹತ್ತು ಲಕ್ಷ ಮುಟ್ಟಿದ ವಾರದಲ್ಲಿಯೇ ಇದು ನಡೆಯಿತು. ಮಾರಿದವರು ಅದನ್ನು 1960ರ ದಶಕದ ಕೊನೆಯಲ್ಲಿ 100 ಡಾಲರಿಗೆ ಕೊಂಡಿದ್ದರು. ಆಗ ಫಿಂಗರ್ ಇನ್ನೂ ಬದುಕಿದ್ದರು. 'ಬ್ಯಾಟ್‌ಮನ್' ಮೊದಲ ಸಂಚಿಕೆಯ 9.4 ಅಂಕದ ಪ್ರತಿಯೊಂದಕ್ಕೆ 2021ರ ಜನವರಿಯಲ್ಲಿ 22 ಲಕ್ಷ ಡಾಲರಿಗೂ ಹೆಚ್ಚು ಬೆಲೆ ಬಂದಿತು. ಈ ಮೂಲ ಪ್ರತಿಗಳಲ್ಲಿ ಅಚ್ಚಾಗಿರುವುದು ಇಂದಿಗೂ ಕೇನ್ ಅವರ ಸಹಿಯೊಂದೇ. ಹರಾಜು ಸಂಸ್ಥೆಗಳು ಹೊರತರುವ ವಿವರಪಟ್ಟಿಗಳಲ್ಲಿ ಮಾತ್ರ ಈಗ ಕಥೆ ಬರೆದವರೆಂದು ಫಿಂಗರ್ ಅವರ ಹೆಸರನ್ನು ಕಾಣಬಹುದು.