ಶ್ರೀಮತಿ ಆನಾ ಜೂಲಿಯಾ ಕೂಪರಮ್ಮನವರು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ನಾರ್ತ್ ಕೆರೊಲೈನಾದ ರಾಲಿ ಪಟ್ಟಣದಲ್ಲಿ, 1858ನೆಯ ಇಸವಿಯಲ್ಲಿ, ಹಾನಾ ಎಂಬ ಕಪ್ಪು ಜನಾಂಗದ ದಾಸಿಯ ಹೊಟ್ಟೆಯಲ್ಲಿ ಒಂದು ಹೆಣ್ಣು ಮಗುವು ಜನಿಸಿತು. ಆ ಜನಾಂಗದವರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದ ಕಾಲವದು. ತಾಯಿಯ ದಾಸ್ಯವೇ ಮಗುವಿಗೂ ಪಾಲಾಗಿ ಬರುತ್ತಿದ್ದಿತು. 1865ರಲ್ಲಿ ಅಂತರ್ಯುದ್ಧವು ಮುಗಿದು ದಾಸ್ಯವು ಅಳಿಯಿತು. ಬಿಡುಗಡೆ ಹೊಂದಿದ ಜನರಿಗಾಗಿ ಎಪಿಸ್ಕೋಪಲ್ ಸಭೆಯವರು ಆ ಪಟ್ಟಣದಲ್ಲಿ ಸೇಂಟ್ ಅಗಸ್ಟೀನ್ ಎಂಬ ಶಾಲೆಯನ್ನು ತೆರೆಯಲು, 1868ರಲ್ಲಿ ಈ ಬಾಲಿಕೆಯು ವಿದ್ಯಾರ್ಥಿವೇತನವನ್ನು ಪಡೆದು ಅಲ್ಲಿ ಸೇರಿದಳು.

ಆ ಶಾಲೆಯಲ್ಲಿ ಗ್ರೀಕ್ ಭಾಷೆಯನ್ನು ದೇವಶಾಸ್ತ್ರವನ್ನು ಓದುವ ಗಂಡಸರಿಗೆಂದು ಮೀಸಲಿಟ್ಟಿದ್ದರು. ಆಕೆಯು ಇದನ್ನು ಪ್ರತಿಭಟಿಸಿ ಆ ತರಗತಿಗೆ ಪ್ರವೇಶವನ್ನು ದೊರಕಿಸಿಕೊಂಡಳು. 1877ರಲ್ಲಿ ಜಾರ್ಜ್ ಕೂಪರ್ ಎಂಬವರೊಡನೆ ವಿವಾಹವಾಯಿತು. ಎರಡೇ ವರ್ಷಗಳಲ್ಲಿ ವೈಧವ್ಯವು ಪ್ರಾಪ್ತವಾಯಿತು. ಅವರು ಪುನಃ ವಿವಾಹವಾಗದೆ ವಿದ್ಯೆಗೇ ತಮ್ಮ ಬಾಳನ್ನು ಒಪ್ಪಿಸಿದರು.

ಓಹಾಯೋ ಸಂಸ್ಥಾನದ ಓಬರ್ಲಿನ್ ಕಾಲೇಜು 1835ರಿಂದಲೇ ಕಪ್ಪು ಜನಾಂಗದವರಿಗೂ, 1837ರಿಂದ ಸ್ತ್ರೀಯರಿಗೂ ಬಾಗಿಲನ್ನು ತೆರೆದಿದ್ದಿತು. ಆದರೆ ಸ್ತ್ರೀಯರಿಗೆ ಬೇರೊಂದು ಹಗುರವಾದ ಪಾಠಕ್ರಮವಿದ್ದಿತು. ಕೂಪರಮ್ಮನವರು ಅದನ್ನು ಬಿಟ್ಟು ಪುರುಷರ ಪಾಠಕ್ರಮವನ್ನೇ ಹಿಡಿದು 1884ರಲ್ಲಿ ಬಿ.ಎ. ಪದವಿಯನ್ನೂ 1887ರಲ್ಲಿ ಎಂ.ಎ. ಪದವಿಯನ್ನೂ ಪಡೆದರು. ಬಾಗಿಲು ತೆರೆದರೆ ಸಾಲದು, ಒಳಗೆ ಬಂದವರಿಗೆಲ್ಲ ಒಂದೇ ಪಂಕ್ತಿಯಲ್ಲಿ ಬಡಿಸಬೇಕೆಂಬುದೇ ಅವರ ಜೀವಮಾನದ ತತ್ತ್ವವಾಯಿತು.

ಈ ತತ್ತ್ವಕ್ಕಾಗಿ ಅವರು ಬೆಲೆಯನ್ನೂ ತೆರಬೇಕಾಯಿತು. 1902ರಲ್ಲಿ ಅವರು ವಾಷಿಂಗ್‌ಟನ್ ನಗರದಲ್ಲಿ ಕಪ್ಪು ಮಕ್ಕಳಿಗಾಗಿದ್ದ ಎಂ ಸ್ಟ್ರೀಟ್ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿಯಾದರು. ಇಂಥ ಮಕ್ಕಳಿಗೆ ಕೈಕಸಬಿನ ಶಿಕ್ಷಣವೇ ಸಾಕೆಂಬ ಮತವು ಆಗ ಪ್ರಬಲವಾಗಿದ್ದಿತು. ಇವರಾದರೋ ಲ್ಯಾಟಿನ್ ಮುಂತಾದ ಉನ್ನತ ಪಾಠಗಳನ್ನು ಕೈಬಿಡದೆ, ತಮ್ಮ ವಿದ್ಯಾರ್ಥಿಗಳನ್ನು ಹಾರ್ವರ್ಡ್‌ನಂಥ ವಿದ್ಯಾಪೀಠಗಳಿಗೆ ಕಳುಹಿಸಿದರು. ಮೇಲಧಿಕಾರಿಗಳೊಡನೆ ವಿವಾದವುಂಟಾಗಿ 1906ರಲ್ಲಿ ಅವರ ಹುದ್ದೆಯು ಹೋಯಿತು. 1910ರಲ್ಲಿ ಅದೇ ಶಾಲೆಗೆ ಸಾಮಾನ್ಯ ಲ್ಯಾಟಿನ್ ಉಪಾಧ್ಯಾಯಿನಿಯಾಗಿ ಹಿಂದಿರುಗಿದರು. ತಾವು ಆಳಿದ ಮನೆಯಲ್ಲೇ ಸೇವೆ ಮಾಡುವುದಕ್ಕೆ ನಾಚಲಿಲ್ಲ.

ಬಳಿಕ ಬಂಧುಗಳ ಐದು ಮಂದಿ ಅನಾಥ ಮಕ್ಕಳನ್ನು ಸಾಕುವ ಭಾರವೂ ಅವರ ಮೇಲೆ ಬಿದ್ದಿತು. ಆ ಭಾರವನ್ನು ಹೊತ್ತೇ ಅವರು ಚರಿತ್ರೆಯ ಸಂಶೋಧನೆಯನ್ನು ಮುಂದುವರಿಸಿದರು. 1789ರಲ್ಲಿ ಮನುಷ್ಯರ ಹಕ್ಕುಗಳನ್ನು ಸಾರಿದ ಫ್ರಾನ್ಸ್ ದೇಶವು ತನ್ನ ವಸಾಹತುಗಳಲ್ಲಿನ ದಾಸರ ವಿಷಯದಲ್ಲಿ ಹೇಗೆ ನಡೆದುಕೊಂಡಿತೆಂಬುದೇ ಅವರ ಪ್ರಬಂಧದ ವಿಷಯ. ದಾಸಿಯ ಮಗಳು ದಾಸ್ಯದ ಚರಿತ್ರೆಯನ್ನು ಬರೆದು, 1925ರಲ್ಲಿ, ತಮ್ಮ 66ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಸೋರ್ಬಾನ್ ವಿದ್ಯಾಪೀಠದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

1930ರಲ್ಲಿ ಹೈಸ್ಕೂಲಿನಿಂದ ನಿವೃತ್ತರಾದ ಮೇಲೆಯೂ ವಿಶ್ರಮಿಸಲಿಲ್ಲ. ಹಗಲೆಲ್ಲ ದುಡಿಯುವವರಿಗಾಗಿದ್ದ ಫ್ರೀಲಿಂಗ್‌ಹೈಸನ್ ವಿದ್ಯಾಪೀಠದ ಅಧ್ಯಕ್ಷಿಣಿಯಾಗಿ, ಅದಕ್ಕೆ ಸ್ಥಳವಿಲ್ಲದಾಗ ಸ್ವಂತ ಮನೆಯಲ್ಲೇ ತರಗತಿಗಳನ್ನು ನಡೆಯಿಸಿದರು. 1964ರಲ್ಲಿ, 105ನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರಿಸಿದರು.

ಮಾತಾಪಿತೃಗಳೇ, ಹಳೆಯ ವಿದ್ಯಾರ್ಥಿನಿಯರೇ, ಮಗಳಿಗೆ ಇಷ್ಟು ಓದು ಸಾಕೆಂದು ಮನೆಯಲ್ಲಿ ಮಾತು ಹೊರಟಾಗ ಈ ತಾಯಿಯನ್ನು ನೆನೆಯಿರಿ. ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂಳಿಡುವ ಅಧಿಕಾರವು ನಮಗಾರಿಗೂ ಇಲ್ಲ.